ಒಂದೇ ಸಲ ಬಂದ ದುಡ್ಡು

ನಾನು ಇನ್ನೊಬ್ಬರ ಮನೆಯ ವಿಷಯಕ್ಕೆ ಹೋಗುವವಳಲ್ಲ. ಆದರೆ ಜನರ ಕಾಗದಪತ್ರಗಳು ನನ್ನನ್ನು ಹುಡುಕಿಕೊಂಡು ಬರುತ್ತವೆ, ಕಾಗದದ ಹಿಂದೆ ಜನ ಬರುತ್ತಾರೆ, ಜನರ ಹಿಂದೆ ಇಂಥ ಪ್ರಸಂಗಗಳು ಬರುತ್ತವೆ. ನಿವೃತ್ತಿಯಾದರೂ ನಿಂತಿಲ್ಲ.

ನಾನು ಕಾನ್ವೆಂಟಿನಲ್ಲಿ ಕಲಿತವಳು. ಅಕ್ಷರ ಓರೆಯಾದರೆ ಸಿಸ್ಟರುಗಳು ಬೆರಳ ಗೆಣ್ಣಿಗೆ ಪಟ್ಟಿಯಿಂದ ಹೊಡೆಯುತ್ತಿದ್ದರು. ಈಗಲೂ ಗೆರೆಯಿಲ್ಲದ ಹಾಳೆಯಲ್ಲಿ ನನ್ನ ಸಾಲು ನೇರವಾಗಿಯೇ ಹೋಗುತ್ತದೆ. ಇದನ್ನು ಜಂಬವೆಂದು ಯಾರಾದರೂ ತಿಳಿದರೆ ತಿಳಿಯಲಿ. ಭಟ್ಕಳ ತಾಲೂಕಿನಲ್ಲಿ ಹೆದ್ದಾರಿ ಪಕ್ಕದ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದೆ. ಎಲ್ಲರಿಗೂ ನಾನು ಅಕ್ಕೋರು. ಹೆದ್ದಾರಿ ಅಗಲ ಮಾಡುವ ಕೆಲಸ ಶುರುವಾದಾಗ ರಸ್ತೆ ಬದಿಯ ಅಂಗಡಿ, ಮನೆ, ತೆಂಗಿನ ಮರ ಕಳೆದುಕೊಂಡವರೆಲ್ಲ ಪರಿಹಾರ ಹೆಚ್ಚು ಮಾಡಿ ಎಂದು ಅರ್ಜಿ ಹಾಕಲು ನನ್ನ ಜಗಲಿಗೇ ಬಂದರು. ಎಷ್ಟು ಬರೆದೆನೋ ನೆನಪಿಲ್ಲ.

ನನ್ನ ನಿಯಮಗಳು ಕಡಿಮೆ. 'ಸುಮಾರು' ಎಂಬ ಪದ ಬರಕೂಡದು. ಮರ ಎಷ್ಟು, ಕಾಯಿ ಎಷ್ಟು, ಎಣಿಸಿಕೊಂಡು ಬರಬೇಕು. ಅತ್ತು ಬರೆಸಕೂಡದು. ಕೊನೆಯ ಪ್ಯಾರಾದಲ್ಲಿ ಮನೆಮಂದಿಯ ಬಗ್ಗೆ ಎರಡು ಮಾತು ಇರಬೇಕು, ಏಕೆಂದರೆ ಓದುವ ಅಧಿಕಾರಿಗೂ ಮನೆ ಇರುತ್ತದೆ. ದುಡ್ಡು ನಾನು ಮುಟ್ಟುವುದಿಲ್ಲ. ಬರೆಸಿಕೊಂಡವರು ಜಗಲಿಯ ಮೇಲೆ ಒಂದು ತೆಂಗಿನಕಾಯಿ ಇಟ್ಟು ಹೋಗುತ್ತಿದ್ದರು. ಬೇಡ ಎಂದರೂ ಕೇಳುತ್ತಿರಲಿಲ್ಲ. ಕಾಯಿ ಇಡದಿದ್ದರೆ ಅರ್ಜಿ ಪಾಸಾಗುವುದಿಲ್ಲ ಎಂದು ಅದು ಹೇಗೋ ಪದ್ಧತಿಯಾಗಿಬಿಟ್ಟಿತ್ತು.

ನಿವೃತ್ತಿಯ ನಂತರ ಕುಮಟೆಯ ಹತ್ತಿರ ಕಾಗಾಲಕ್ಕೆ ಬಂದು ನೆಲೆಸಿದೆ. ಇಲ್ಲಿಯಾದರೂ ಶಾಂತಿಯಿಂದ ಇರೋಣವೆಂದು.

೧. ಬಾಲವಾಡಿಯ ಲೆಕ್ಕ

ಪಕ್ಕದ ಮನೆಯವಳು ಗೇರುಬೀಜದ ಫ್ಯಾಕ್ಟರಿಗೆ ಹೋಗುವವಳು. ತವರುಮನೆಯಲ್ಲಿ ತಾಯಿ, ತಮ್ಮ ಮತ್ತು ಮಗಳೊಂದಿಗೆ ಇರುತ್ತಾಳೆ. ಗಂಡನನ್ನು ಬಿಟ್ಟು ಬಂದು ಹನ್ನೆರಡು ವರ್ಷ. ಒಂದು ಭಾನುವಾರ ಬೆಳಿಗ್ಗೆ ಮಗಳನ್ನೂ ಒಂದು ಪ್ಲಾಸ್ಟಿಕ್ ಚೀಲವನ್ನೂ ಹಿಡಿದುಕೊಂಡು ನಮ್ಮ ಜಗಲಿಗೆ ಬಂದಳು.

"ಅಕ್ಕೋರೆ, ಇದನ್ನೊಂಚೂರು ಓದಿ ಹೇಳಿ. ವಕೀಲರು ಹೇಳಿದ್ದು ಅರ್ಧ ತಿಳೀತು, ಅರ್ಧ ಇಲ್ಲ."

ಚೀಲದಲ್ಲಿ ಎರಡು ಕಾಗದ. ಒಂದು ಹನ್ನೆರಡು ವರ್ಷದ ಹಿಂದಿನ ಕೋರ್ಟಿನ ಆದೇಶ: ಮಗುವಿನ ಜೀವನಾಂಶಕ್ಕೆ ತಂದೆ ತಿಂಗಳಿಗೆ ಸಾವಿರದ ಐನೂರು ರೂಪಾಯಿ ಕೊಡತಕ್ಕದ್ದು. ಆಗ ಮಗುವಿಗೆ ಮೂರು ವರ್ಷ. ಈಗ ಅದೇ ಮಗು ಹತ್ತನೇ ಇಯತ್ತೆಯಲ್ಲಿ ಶಾಲೆಗೇ ಮೊದಲನೆಯವಳಾಗಿ, ಕುಮಟೆಯ ಕಾಲೇಜಿನಲ್ಲಿ ವಿಜ್ಞಾನ ಓದಬೇಕೆಂದು ಹಟ ಹಿಡಿದು ನನ್ನೆದುರು ನಿಂತಿತ್ತು. ಫೀ ಕಟ್ಟಲು ಕೊನೆಯ ದಿನ ಹತ್ತಿರ ಬರುತ್ತಿತ್ತು. ಗಂಡನಿಗೆ ಹೆದ್ದಾರಿಯ ಪರಿಹಾರದ ದುಡ್ಡು ಬಂದಿದೆ ಎಂಬ ಸುದ್ದಿ ತಿಳಿದು, ಜೀವನಾಂಶ ಹೆಚ್ಚಿಸಿ ಎಂದು ಇವಳು ಕೋರ್ಟಿಗೆ ಹೋಗಿದ್ದಳು.

ಎರಡನೆಯ ಕಾಗದ ಅವನ ಉತ್ತರ. ಅಂಗಡಿಗೂ ಜಾಗಕ್ಕೂ ಮರಗಳಿಗೂ ಪರಿಹಾರ ಬಂದದ್ದು ಹೌದು. ಆದರೆ ಅದು ಒಂದೇ ಸಲ ಬಂದದ್ದು, ಆದಾಯವಲ್ಲ. ತನಗೆ ಆದಾಯವೇ ಇಲ್ಲ. ಆದ್ದರಿಂದ ಹೆಚ್ಚಿಸುವ ಪ್ರಶ್ನೆಯೇ ಇಲ್ಲ.

ಕೆಳಗಿನ ಹೆಸರು ನೋಡಿ ನನಗೆ ಗುರುತು ಸಿಕ್ಕಿತು. ನನ್ನದೇ ವಿದ್ಯಾರ್ಥಿ. ಆಕಳಿನ ಬಗ್ಗೆ ಪ್ರಬಂಧ ಬರೆ ಎಂದರೆ ಮೂರು ಸಾಲು ಬರೆದು, ನಾಲ್ಕನೆಯ ಸಾಲಿನಲ್ಲಿ 'ಉಳಿದದ್ದು ಎಮ್ಮೆಯ ಹಾಗೆಯೇ' ಎಂದು ಮುಗಿಸಿದವನು.

ಉತ್ತರದಲ್ಲಿ ಏಳು ಕಾಗುಣಿತದ ತಪ್ಪಿದ್ದವು. ಕೆಂಪು ಪೆನ್ನಿನಿಂದ ಸುತ್ತು ಹಾಕಿದೆ. ಹಾಗೆ ತಿದ್ದಿ ವಾಪಸು ಕಳಿಸುವ ಪದ್ಧತಿ ಕೋರ್ಟಿನಲ್ಲಿ ಇಲ್ಲವೆಂದು ಆಮೇಲೆ ಇವಳ ವಕೀಲರು ಹೇಳಿದರು. ಇರಬೇಕಿತ್ತು.

"ತಿಂಗಳಿಗೆ ಸಾವಿರದ ಐನೂರರಲ್ಲಿ ಏನಾಗ್ತದೆ?" ಎಂದೆ ನಾನು.

ಹುಡುಗಿ ತಕ್ಷಣ ಉತ್ತರ ಕೊಟ್ಟಳು: "ಆಗ್ತದೆ ಅಕ್ಕೋರೆ. ನಾನು ಇನ್ನೂ ಬಾಲವಾಡಿಗೇ ಹೋದ್ರೆ."

೨. ಹೊನ್ನಾವರದಲ್ಲಿ ಚಾ

ಕೋರ್ಟಿನ ತಾರೀಕಿಗೆ ಮೊದಲು ಅವನೇ ಹೇಳಿ ಕಳಿಸಿದ, ಕೂತು ಮಾತಾಡುವ ಎಂದು. ಅವನು ಭಟ್ಕಳ ಕಡೆಯಿಂದ ಬರಬೇಕು, ನಾವು ಕುಮಟೆಯಿಂದ. ಮಧ್ಯದಲ್ಲಿ ಹೊನ್ನಾವರ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಹೋಟೆಲು. ತಾಯಿ, ಮಗಳು, ನಾನು. ಮಾತಿನಲ್ಲಿ ಯಾರೂ ತಪ್ಪಿಸಿಕೊಳ್ಳದ ಹಾಗೆ ನೋಡಿಕೊಳ್ಳಲು ನಾನು ಬರಬೇಕೆಂದು ಹುಡುಗಿಯ ಆಗ್ರಹ.

ನನ್ನನ್ನು ಕಂಡೊಡನೆ ಅವನು ಎದ್ದು ನಿಂತ. ನಲವತ್ತು ದಾಟಿದವನು ಕೈ ಹಿಂದೆ ಕಟ್ಟಿಕೊಂಡ.

"ಅಕ್ಕೋರೆ, ನೀವು ಇಲ್ಲಿ ಎಂತಕ್ಕೆ?"

"ಕೂತುಕೋ. ಬಾಯಿ ಒರೆಸಿಕೋ. ಆಮೇಲೆ ಮಾತಾಡು."

ನಾವು ಬರುವ ಮೊದಲೇ ಅವನು ಎರಡು ಪ್ಲೇಟು ಬನ್ಸು ಮುಗಿಸಿದ್ದ. ಮಾತು ಶುರುಮಾಡಿದ. ಪರಿಹಾರದ ದುಡ್ಡು ಅಂದರೆ ಸಂಬಳದ ಹಾಗಲ್ಲ. ಬಂತು, ಹೋಯಿತು. ಮತ್ತೆ ಬರುವುದಿಲ್ಲ. ಒಂದೇ ಸಲ ಬಂದದ್ದನ್ನು ಆದಾಯ ಅನ್ನಲಿಕ್ಕೆ ಬರುವುದಿಲ್ಲ ಎಂದು ವಕೀಲರೇ ಹೇಳಿದ್ದಾರೆ.

ಇವಳು ಚಾ ಲೋಟ ಕೆಳಗಿಟ್ಟಳು. "ಹೌದನಾ? ನನ್ನ ತಮ್ಮನ ಬಲೆಗೆ ಬಂಗಡೆ ಬೀಳೂದೂ ಒಂದೇ ಸಲ. ಇವತ್ತು ಬಿದ್ದ ಮೀನು ನಾಳೆ ಮತ್ತೆ ಬಂದು ಬೀಳ್ತದಾ? ಆದ್ರೂ ದಂಡೆಗೆ ಬಂದಮೇಲೆ ಬಲೆ ಎಳೆದವ್ರಿಗೆಲ್ಲ ಪಾಲು ಕೊಡಬೇಕು. ಇದು ಒಂದೇ ಸಲ ಬಂದದ್ದು, ಪಾಲು ಇಲ್ಲ ಅಂತ ಅವ ಹೇಳಿದ್ರೆ ಮೀನಿನ ಸಂಗ್ತಿಗೆ ಅವ್ನನ್ನೂ ಬುಟ್ಟಿಗೆ ತುಂಬ್ತಾರೆ."

"ಅದಕ್ಕೂ ಇದಕ್ಕೂ ಎಂತ ಸಂಬಂಧ?"

"ಆ ಅಂಗಡಿ ಒಲೆ ಮುಂದೆ ಹೊಟ್ಟೇಲಿ ಇದನ್ನ ಇಟ್ಕಂಡು ನಾ ಚಾ ಕಾಸಿದ್ದೆ. ನಾನೂ ಬಲೆ ಎಳೆದವಳೇ. ಇದೂ ಎಳೆದದ್ದೇ. ನಾವು ಬೇಡೂಕೆ ಬಂದವ್ರಲ್ಲ, ಪಾಲು ಕೇಳೂಕೆ ಬಂದವ್ರು."

ಗಂಡನ ಮನೆಯಲ್ಲಿದ್ದಾಗ ಬಹುವಚನದಲ್ಲಿ ಮಾತಾಡಿಸುತ್ತಿದ್ದಳಂತೆ. ಹನ್ನೆರಡು ವರ್ಷದಲ್ಲಿ ಅದು ಎಲ್ಲಿ ಉದುರಿತೋ, ಈಗ ಬರೀ 'ನೀನು'. ನಾನು ತಿದ್ದಲಿಲ್ಲ.

ಅವನು ದೊಡ್ಡ ಮನಸ್ಸು ಮಾಡಿದವನಂತೆ ಹೇಳಿದ: "ಆತು. ಕೋರ್ಟು ಕಚೇರಿ ಬೇಡ. ಇಪ್ಪತ್ತೈದು ಸಾವಿರ ಕೊಡ್ತೆ. ಒಂದೇ ಸಲ. ಕೇಸು ವಾಪಸು ತಗ. ಮತ್ತೆ ನನ್ನ ಹತ್ರ ಏನೂ ಕೇಳಬಾರದು."

"ಒಂದೇ ಸಲವಾ?"

"ಒಂದೇ ಸಲ."

"ಒಂದೇ ಸಲ ಬಂದದ್ದು ಲೆಕ್ಕಕ್ಕೇ ಇಲ್ಲ ಅಂತ ಈಗ ನೀನೇ ಹೇಳ್ದೆ. ಲೆಕ್ಕಕ್ಕೆ ಇಲ್ಲದ್ದು ನಂಗೆಂತಕ್ಕೆ?"

ಮಾಣಿ ಬಿಲ್ಲು ತಂದು ಮೇಜಿನ ಮೇಲಿಟ್ಟ. ಅವನು ಅದನ್ನು ನಮ್ಮ ಕಡೆಗೆ ತಳ್ಳಿ, "ನಂಗೆ ಆದಾಯ ಇಲ್ಲ" ಎಂದು ಎದ್ದು ಹೋದ. ಅವನು ತಿಂದ ಬನ್ಸಿಗೂ ಸೇರಿಸಿ ನಾನೇ ಕೊಟ್ಟೆ. ರಶೀದಿ ಕೇಳಿ ತೆಗೆದುಕೊಂಡೆ. ಇಂದಿಗೂ ಇದೆ.

೩. ದೇವರ ಮುಂದೆ ಪ್ರಶ್ನೆ

ಹೊನ್ನಾವರದಲ್ಲಿ ಆಗದ್ದು ದೇವರಲ್ಲಿ ಆಗಲಿ ಎಂದು ಅವನ ತಾಯಿ ಹಟ ಹಿಡಿದಳು. ಅವರ ಊರಿನ ದೇವಸ್ಥಾನದಲ್ಲಿ ಪ್ರಸಾದ ಕೇಳುವ ಪದ್ಧತಿ. ದೇವರ ಮೈಮೇಲೆ ಒದ್ದೆ ಹೂವಿನ ಎಸಳು ಹಚ್ಚಿ, ಪ್ರಶ್ನೆ ಕೇಳಿ ಕಾಯುವುದು. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ.

ಕಾನ್ವೆಂಟಿನಲ್ಲಿ ಕಲಿತವಳಿಗೆ ಇದೆಲ್ಲ ಯಾಕೆ ಎಂದು ನೀವು ಕೇಳಬಹುದು. ನಾನು ದೇವರನ್ನು ಪ್ರಶ್ನಿಸಲು ಹೋದದ್ದಲ್ಲ. ಪ್ರಶ್ನೆಯನ್ನು ಸರಿಯಾಗಿ ಕೇಳುತ್ತಾರೋ ಇಲ್ಲವೋ ನೋಡಲು ಹೋದದ್ದು. ಅನುಮಾನ ಪಟ್ಟಂತೆಯೇ ಆಯಿತು.

ಅವನು ಕೈಮುಗಿದು ಕೇಳಿದ: "ದೇವ್ರೇ, ಈ ದುಡ್ಡು ಆದಾಯ ಅಲ್ಲ ಹೌದು ಅಲ್ಲಾ?"

"ನಿಲ್ಲಿಸು" ಎಂದೆ. "ಹೀಗೆ ಕೇಳಿದರೆ ದೇವರು ಏನೆಂದು ಉತ್ತರ ಕೊಡಬೇಕು? 'ಈ ಹಣದಲ್ಲಿ ನನ್ನ ಮಗಳ ಓದಿಗೆ ಪಾಲು ಇದೆಯೇ' ಎಂದು ಕೇಳು. ಒಂದೇ ಪ್ರಶ್ನೆ. ಸ್ಪಷ್ಟವಾಗಿ."

ಭಟ್ಟರು ತಲೆಯಾಡಿಸಿದರು. ಅವನು ಗೊಣಗುತ್ತ ಹಾಗೆಯೇ ಕೇಳಿದ. ಕಾಲು ಗಂಟೆಯಾಯಿತು. ಬಲದ ಎಸಳೂ ಬೀಳಲಿಲ್ಲ, ಎಡದ್ದೂ ಬೀಳಲಿಲ್ಲ.

"ದೇವರು ಮನಸ್ಸು ಮಾಡಿಲ್ಲ" ಎಂದಳು ಅವನ ತಾಯಿ.

"ಹೇಗೆ ಮಾಡೂದು?" ಎಂದು ಭಟ್ಟರು ಅವನ ಕಡೆ ತಿರುಗಿದರು. "ಪರಿಹಾರದ ದುಡ್ಡು ಬಂದ್ರೆ ಒಂದು ದೊಡ್ಡ ಗಂಟೆ ಕಟ್ಟಿಸ್ತೆ ಅಂತ ನೀ ಹರಕೆ ಹೇಳಿಕೊಂಡಿದ್ದೆ. ದುಡ್ಡು ಬಂತು. ಗಂಟೆ ಎಲ್ಲಿ ಅಂತ ನಾ ಕೇಳಿದ್ದಕ್ಕೆ ಎಂತ ಹೇಳಿದ್ದೆ, ನೆನಪುಂಟಾ?"

ಅವನು ತಲೆ ತಗ್ಗಿಸಿದ. ಭಟ್ಟರೇ ನಮಗೆ ಹೇಳಿದರು:

"ಅದು ಒಂದೇ ಸಲ ಬಂದದ್ದು, ಆದಾಯ ಅಲ್ಲ ಭಟ್ಟರೇ ಅಂದಿದ್ದ. ದೇವರ ಎದುರಿಗೇ."

೪. ಅವನ ಗೆಳೆಯ

ಕುಮಟೆಯ ಕೋರ್ಟು. ಅವನು ತನ್ನ ಆಸ್ತಿಪಾಸ್ತಿಯ ಪ್ರಮಾಣಪತ್ರ ಕೊಟ್ಟಿದ್ದ. ನ್ಯಾಯಾಧೀಶರು ಒಂದೊಂದೇ ಓದಿ ಕೇಳುತ್ತ ಹೋದರು. ಮೃದು ದನಿಯ ಮನುಷ್ಯ. ಇಂಥವರೇ ತರಗತಿಯಲ್ಲಿ ಹೆಚ್ಚು ಅಪಾಯಕಾರಿ.

"ಕಾರು?"

"ನಂದಲ್ಲ ಸಾರ್. ಗೆಳೆಯಂದು. ನಾನು ಓಡಿಸೂದು ಅಷ್ಟೇ."

"ಮನೆಗೆ ಹೊಸದಾಗಿ ಟೈಲ್ಸ್ ಹಾಕಿದ್ದು?"

"ಗೆಳೆಯನೇ ಹಾಕಿಸಿದ್ದು."

"ಕೊರಳಲ್ಲಿ ಚಿನ್ನದ ಸರ ಇದೆಯಲ್ಲ?"

ಅವನು ಸರವನ್ನು ಅಂಗಿಯೊಳಗೆ ಹಾಕಿಕೊಂಡ. "ಅದೂ ಅವಂದೇ."

ನ್ಯಾಯಾಧೀಶರು ಕನ್ನಡಕ ತೆಗೆದು ಇವಳನ್ನು ನೋಡಿದರು. "ಅಮ್ಮಾ, ನೀವು ತಪ್ಪು ಮನುಷ್ಯನ ಮೇಲೆ ಕೇಸು ಹಾಕಿದ್ದೀರಿ. ಆ ಗೆಳೆಯನ ವಿಳಾಸ ತರಿಸಿ."

೫. ಅಚ್ಚುಕಟ್ಟಾದ ಒಂದು ಕಾಗದ

ಅದೇ ದಿನ, ಮಧ್ಯಾಹ್ನದ ನಂತರ. ಬಂದದ್ದು ಪರಿಹಾರವೇ ಹೊರತು ದುಡಿಮೆಯಲ್ಲ ಎಂದು ತೋರಿಸಲು ಅವನ ವಕೀಲರು ಪರಿಹಾರದ ಕಡತವನ್ನೇ ಇಡಿಯಾಗಿ ಹಾಜರುಪಡಿಸಿದರು. ಆದೇಶ, ನಕ್ಷೆ, ಪಂಚನಾಮೆ, ಎಲ್ಲದರ ಮೇಲೂ ಸೀಲು. "ಇದರಲ್ಲಿ ಎಲ್ಲ ಸ್ಪಷ್ಟವಾಗಿದೆ" ಎಂದರು ಗತ್ತಿನಿಂದ.

ನ್ಯಾಯಾಧೀಶರು ಪುಟ ತಿರುವುತ್ತಿದ್ದರು. ಒಂದು ಹಾಳೆಯ ಹತ್ತಿರ ನಿಂತರು. ನಾನು ಹಿಂದಿನ ಬೆಂಚಿನಲ್ಲಿದ್ದೆ. ಅಷ್ಟು ದೂರದಿಂದಲೂ ನನಗೆ ಕಂಡಿತು: ಎಡಗಡೆ ಎರಡು ಬೆರಳು ಅಂಚು, ನೇರವಾದ ಸಾಲು, ಎಲ್ಲಿಯೂ ಒಂದು ಚಿತ್ತಿಲ್ಲ.

"ಇದು ಪರಿಹಾರ ಹೆಚ್ಚಿಸಲು ನೀವು ಕೊಟ್ಟ ಅರ್ಜಿಯೇ?"

"ಹೌದು ಸಾರ್" ಎಂದ ಅವನು, ಹೆಮ್ಮೆಯಿಂದ. "ಅದರಿಂದಲೇ ಪರಿಹಾರ ಹೆಚ್ಚಾದದ್ದು."

ನ್ಯಾಯಾಧೀಶರು ಎಲ್ಲರಿಗೂ ಕೇಳುವಂತೆ ಓದಿದರು. "'ಈ ಅಂಗಡಿ ಮತ್ತು ಹನ್ನೊಂದು ತೆಂಗಿನ ಮರಗಳೇ ನನ್ನ ತಿಂಗಳ ಆದಾಯದ ಮೂಲ. ನಾನು ಕೇಳುತ್ತಿರುವುದು ಒಂದು ಸಲದ ಇಡಿಗಂಟಲ್ಲ. ಮುಂದಿನ ಹದಿನೈದು ವರ್ಷ ತಿಂಗಳು ತಿಂಗಳೂ ನನ್ನ ಕೈಸೇರಬೇಕಾಗಿದ್ದ ಆದಾಯವನ್ನೇ ಒಟ್ಟಿಗೆ ಕೊಡಬೇಕೆಂದು ಕೇಳುತ್ತಿದ್ದೇನೆ.'"

ಅವನ ವಕೀಲರು ಕುರ್ಚಿಯಿಂದ ಅರ್ಧ ಎದ್ದು ಮತ್ತೆ ಕೂತರು. ಕಡತವನ್ನು ಅವರು ಸೀಲು ನೋಡಿ ತಂದಿದ್ದರೇ ಹೊರತು ಓದಿ ತಂದಿರಲಿಲ್ಲ.

"ಕೊನೆಯ ಪ್ಯಾರಾ" ಎಂದು ನ್ಯಾಯಾಧೀಶರು ಮುಂದುವರಿಸಿದರು. "'ನನಗೆ ಒಬ್ಬಳೇ ಮಗಳು. ಅವಳ ಊಟ, ಬಟ್ಟೆ, ವಿದ್ಯಾಭ್ಯಾಸ ಎಲ್ಲವೂ ಈ ಆದಾಯದಿಂದಲೇ ನಡೆಯುತ್ತಿದೆ. ಅವಳು ಓದಿನಲ್ಲಿ ಚುರುಕಾಗಿದ್ದಾಳೆ. ಅವಳ ಮುಂದಿನ ಓದಿಗೆ ಈ ಹಣವೇ ಆಧಾರ.'"

ಹುಡುಗಿ ತಂದೆಯನ್ನು ನೋಡುತ್ತಿದ್ದಳು. ಅವನು ನೆಲ ನೋಡುತ್ತಿದ್ದ.

ಈಗ ನನಗೆ ಪೂರ್ತಿ ನೆನಪಾಯಿತು. ಆ ವರ್ಷ ಜಗಲಿಯಲ್ಲಿ ಸಾಲಾಗಿ ಕೂತವರ ನಡುವೆ ಇವನೂ ಒಬ್ಬ. ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ನಾನು ಕೇಳಿದ್ದೆ. ಮಗಳಿದ್ದಾಳೆ, ಚೆನ್ನಾಗಿ ಓದುತ್ತಾಳೆ ಎಂದಿದ್ದ. ಎಲ್ಲಿದ್ದಾಳೆ ಎಂದು ನಾನು ಕೇಳಲಿಲ್ಲ. ಅದೊಂದು ನನ್ನ ತಪ್ಪು, ಒಪ್ಪುತ್ತೇನೆ.

ಅವನು ಒಮ್ಮೆಲೇ ತಲೆಯೆತ್ತಿದ. "ಸಾರ್, ಅದು ನನ್ನ ಮಾತಲ್ಲ! ನಾ ಸಹಿ ಮಾಡಿದ್ದು ಅಷ್ಟೇ. ಬರೆದದ್ದು ಅಕ್ಕೋರು! ಅಲ್ಲಿ ಕೂತಿದ್ದಾರಲ್ಲ, ಅವರೇ!"

ಎಲ್ಲರೂ ತಿರುಗಿದರು. ಕಾನ್ವೆಂಟಿನಲ್ಲಿ ಹೆಸರು ಕರೆದಾಗ ಹೇಗೆ ಎದ್ದು ನಿಲ್ಲಬೇಕೆಂದು ಕಲಿಸಿದ್ದರೋ ಹಾಗೆ ಎದ್ದು ನಿಂತೆ. "ಹೌದು. ಬರೆದವಳು ನಾನು. ಅವನು ಹೇಳದ ಒಂದು ವಿಷಯವನ್ನೂ ನಾನು ಬರೆದಿಲ್ಲ. ಮರಗಳನ್ನೂ ಅವನ ಹತ್ತಿರವೇ ಎರಡು ಸಲ ಎಣಿಸಿಸಿದ್ದೆ."

ನ್ಯಾಯಾಧೀಶರು ನನ್ನತ್ತ ತಲೆಬಾಗಿಸಿ, ಅವನ ಕಡೆ ತಿರುಗಿದರು. "ಸರಿ. ಇದರಲ್ಲಿರುವುದು ಸುಳ್ಳು ಎನ್ನುತ್ತೀರಾ? ಹಾಗಾದರೆ ಸುಳ್ಳು ಹೇಳಿ ಪರಿಹಾರ ಹೆಚ್ಚು ಮಾಡಿಸಿಕೊಂಡಂತಾಯಿತು. ಆ ಹೆಚ್ಚಿನ ಹಣ ವಾಪಸು ಕಟ್ಟಬೇಕಾಗಬಹುದು. ಅಲ್ಲಾ, ನಿಜ ಎನ್ನುತ್ತೀರಾ?"

"ಅಯ್ಯೋ! ನಿಜವೇ ಸಾರ್, ನಿಜವೇ! ಒಂದಕ್ಷರ ಸುಳ್ಳಿಲ್ಲ!"

"ಬರೆದುಕೊಳ್ಳಿ" ಎಂದರು ನ್ಯಾಯಾಧೀಶರು ಗುಮಾಸ್ತರಿಗೆ. ಆಮೇಲೆ ನಮಗೆಲ್ಲ ತಿಳಿಯುವ ಹಾಗೆ ಹೇಳಿದರು. ಈ ಹಣವನ್ನು ಆದಾಯ ಎಂದು ಕರೆದರೂ ಸರಿ, ಕರೆಯದಿದ್ದರೂ ಸರಿ; ತಂದೆಗೆ ಮಗುವನ್ನು ಸಾಕುವ ಶಕ್ತಿ ಇದೆಯೇ ಎಂಬುದೇ ಕೋರ್ಟು ನೋಡುವುದು. ತಿಂಗಳು ತಿಂಗಳು ಬಂದರೂ ಒಂದೇ ಸಲ ಬಂದರೂ ಶಕ್ತಿ ಶಕ್ತಿಯೇ. ತಿಂಗಳಿಗೆ ಎಂಟು ಸಾವಿರ. ಅಲ್ಲದೆ ಎರಡು ವರ್ಷದ ಕಾಲೇಜಿನ ಖರ್ಚನ್ನು ಒಂದು ವಾರದೊಳಗೆ ಹುಡುಗಿಯ ಹೆಸರಿಗೆ ಬ್ಯಾಂಕಿನಲ್ಲಿ ಇಡಬೇಕು.

ಏಳುವ ಮೊದಲು ಅವರು ಆ ಹಾಳೆಯನ್ನು ಇನ್ನೊಮ್ಮೆ ನೋಡಿ ನನಗೆ ಹೇಳಿದರು: "ಮೇಡಂ, ಇಷ್ಟು ವರ್ಷದಲ್ಲಿ ಈ ಕೋರ್ಟಿನಲ್ಲಿ ನಾನು ಕನ್ನಡಕವಿಲ್ಲದೆ ಓದಿದ ಮೊದಲ ಕಾಗದ ಇದು."

ಪಟ್ಟಿಯಿಂದ ಹೊಡೆದ ಸಿಸ್ಟರುಗಳು ಅಲ್ಲಿ ಇರಬೇಕಿತ್ತು.

೬. ಕಾಯಿ

ಹುಡುಗಿ ಕಾಲೇಜಿಗೆ ಸೇರಿ ಹದಿನೈದು ದಿನವಾಗಿತ್ತು. ಒಂದು ಸಂಜೆ ಅವಳು ನನ್ನ ಜಗಲಿಯಲ್ಲೇ ಪುಸ್ತಕ ಹರಡಿಕೊಂಡು ಕೂತಿದ್ದಳು. ಮನೆ ಮುಂದೆ ಆ 'ಗೆಳೆಯನ' ಕಾರು ಬಂದು ನಿಂತಿತು. ಅವನು ಇಳಿದ. ಮಗಳನ್ನು ಕಂಡು ಸ್ವಲ್ಪ ತಡವರಿಸಿದ. ಆಮೇಲೆ ಸೀದಾ ಬಂದು ಜಗಲಿಯ ಮೇಲೆ ಒಂದು ದೊಡ್ಡ ತೆಂಗಿನಕಾಯಿ ಇಟ್ಟ.

"ಅಕ್ಕೋರೆ, ಒಂದು ಅರ್ಜಿ ಬರ್ದು ಕೊಡಬೇಕಿತ್ತು."

"ಯಾವುದಕ್ಕೆ?"

"ಮೇಲಿನ ಕೋರ್ಟಿಗೆ. ಆ ಎಂಟು ಸಾವಿರದ ಆದೇಶ ಉಂಟಲ್ಲ, ಅದರ ವಿರುದ್ಧ."

"ಆ ಆದೇಶ ಆದದ್ದು ಯಾರು ಬರೆದ ಕಾಗದದಿಂದ ಎಂದು ಗೊತ್ತಿದೆಯಲ್ಲ ನಿನಗೆ?"

"ಅದಕ್ಕೇ ಬಂದದ್ದು ಅಕ್ಕೋರೆ!" ಎಂದ ಅವನು, ನಿಜವಾದ ಭಕ್ತಿಯಿಂದ. "ವಕೀಲರು ಬರೆದದ್ದು ಸೋತಿತು. ನೀವು ಬರೆದದ್ದು ಎರಡು ಸಲ ಗೆದ್ದಿತು. ನಿಮ್ಮ ಕೈಗುಣ ಚಲೋ ಉಂಟು. ನಾನೇ ಸಾಕ್ಷಿ."

ಹುಡುಗಿ ಪುಸ್ತಕದಿಂದ ಮುಖ ಎತ್ತಲಿಲ್ಲ, ಆದರೆ ಹಾಳೆ ತಿರುವುವುದನ್ನು ನಿಲ್ಲಿಸಿದ್ದಳು.

ನಾನು ಒಳಗೆ ಹೋಗಿ ಒಂದು ಬಿಳಿ ಹಾಳೆಯನ್ನೂ ಪೆನ್ನನ್ನೂ ತಂದೆ. ಎಡಗಡೆ ಎರಡು ಬೆರಳು ಅಂಚು ಬಿಟ್ಟು ಮಡಚಿದೆ. "ನನ್ನ ನಿಯಮ ಗೊತ್ತಲ್ಲ. ಕೊನೆಯ ಪ್ಯಾರಾ ಮೊದಲು ಬರೆಯೋಣ. ಮನೆಮಂದಿಯ ವಿಷಯ. ನಿನ್ನ ಮಗಳು ಯಾವ ಕಾಲೇಜು?"

"ಕುಮಟೆ."

"ಕುಮಟೆಯಲ್ಲಿ ಯಾವುದು?"

ಅವನು ಮಗಳ ಕಡೆ ಓರೆಗಣ್ಣಿನಿಂದ ನೋಡಿದ. ಅವಳು ಹೇಳಿಕೊಡಲಿಲ್ಲ. ನನ್ನ ಮನೆಯಲ್ಲಿ ಹೇಳಿಕೊಡಲು ಯಾರಿಗೂ ಅನುಮತಿ ಇಲ್ಲ.

"ಯಾವ ವಿಷಯ ಓದುತ್ತಾಳೆ?"

"…ವಿಜ್ಞಾನ. ಸುಮಾರು."

"'ಸುಮಾರು' ಬರಕೂಡದು. ಹುಟ್ಟಿದ ದಿನ?"

ಅವನು ಬೆರಳು ಮಡಚಿ ಏನೋ ಎಣಿಸಿದ. ಮಳೆಗಾಲ ಎಂದ. ಆಮೇಲೆ ಅದನ್ನೂ ವಾಪಸು ತೆಗೆದುಕೊಂಡ. ಹನ್ನೊಂದು ತೆಂಗಿನ ಮರಗಳ ವಯಸ್ಸನ್ನು ಒಂದೊಂದಾಗಿ ಬರೆಸಿದವನು ಇವನೇ.

ನಾನು ಹಾಳೆಯನ್ನು ಅವನ ಕಡೆಗೆ ಸರಿಸಿದೆ. "ನೀನೇ ಬರೆದುಕೊಂಡು ಬಾ. ಮಗಳ ಬಗ್ಗೆ ಒಂದು ಪುಟ. ಆಕಳಿನ ಪ್ರಬಂಧದ ಹಾಗೆ ಮೂರು ಸಾಲಲ್ಲ, ಪೂರ್ತಿ ಒಂದು ಪುಟ. ತಪ್ಪಿದ್ದರೆ ತಿದ್ದಿ ಕೊಡುತ್ತೇನೆ. ಅರ್ಜಿಯ ಮಾತು ಆಮೇಲೆ."

ಅವನು ಖಾಲಿ ಹಾಳೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು, ಅದನ್ನು ಮಡಚುವುದೋ ಬೇಡವೋ ತಿಳಿಯದೆ, ಹಾಗೆಯೇ ಕಾರು ಹತ್ತಿದ. ಇಂದಿನವರೆಗೆ ಆ ಪುಟ ಬಂದಿಲ್ಲ. ಎಂಟು ಸಾವಿರ ಮಾತ್ರ ತಿಂಗಳು ತಿಂಗಳೂ ಬರುತ್ತಿದೆ.

ಕಾರು ತಿರುವಿನಲ್ಲಿ ಮರೆಯಾದ ಮೇಲೆ ಹುಡುಗಿ ಜಗಲಿಯ ಅಂಚನ್ನು ತೋರಿಸಿದಳು.

"ಅಕ್ಕೋರೆ, ಕಾಯಿ ಬಿಟ್ಟು ಹೋದ. ನೀವು ಅರ್ಜಿ ಬರೆದು ಕೊಡಲಿಲ್ಲ. ವಾಪಸು ಕೊಡಬೇಕಲ್ಲ?"

ಮಾಡದ ಕೆಲಸಕ್ಕೆ ನಾನು ಏನನ್ನೂ ತೆಗೆದುಕೊಳ್ಳುವವಳಲ್ಲ; ಅದು ಅವಳಿಗೂ ಗೊತ್ತು. ಕಾಯಿಯನ್ನು ಎತ್ತಿ ಅಲುಗಾಡಿಸಿ ನೋಡಿದೆ. ಒಳಗೆ ನೀರು ಚೆನ್ನಾಗಿತ್ತು.

"ಇದು ಒಂದೇ ಸಲ ಬಂದದ್ದು, ಆದಾಯವಲ್ಲ" ಎಂದೆ. "ಒಡೆ."